ಚಿತ್ರ ಬಿಡಿಸುವ ಮೊದಲು ಚಟ ಬಿಡಿಸಿ: ಡಿಜಿಟಲ್ ಭಾವಚಿತ್ರಕ್ಕೊಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಗ್ಗೆ ಮೈಸೂರಿನ ಸರಸ್ವತಿಪುರಂನ ನಮ್ಮ ಮನೆ ಮಹಡಿಯಲ್ಲಿ ನಾಲ್ಕೈದು ಜನ ಟ್ಯಾಬ್ಲೆಟ್ ಹಿಡಿದು ಕೂರುತ್ತೇವೆ. ವಾರದ ನಡುವೆ ವಾಟ್ಸಾಪ್‌ನಲ್ಲಿ ಚಿತ್ರಗಳು ಬರುತ್ತಲೇ ಇರುತ್ತವೆ. ಜೊತೆಗೆ ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಸಾರ್, ದಿನಾ ಎರಡು ಗಂಟೆ ಕೂರ್ತೀನಿ, ವರ್ಷ ಆಯ್ತು. ಮುಖ ಇನ್ನೂ ಗೊಂಬೆ ಥರಾನೇ ಬರುತ್ತೆ. ಯಾಕೆ?"

ಆ ಎರಡು ಗಂಟೆಯೂ ತಪ್ಪನ್ನೇ ಪಳಗಿಸುತ್ತಿದ್ದೀರಿ, ಅದಕ್ಕೆ. ಹೊಸ ಬ್ರಷ್ ಪ್ಯಾಕ್ ಹಾಕಿಕೊಂಡರೆ, ಇನ್ನೂ ಹತ್ತು ವಿಡಿಯೋ ನೋಡಿದರೆ ಇದು ಹೋಗುವುದಿಲ್ಲ. ತಪ್ಪು ಅಂತ ತಲೆಗೆ ಗೊತ್ತಿದ್ದರೂ ಕೈ ತನ್ನ ಪಾಡಿಗೆ ಅದನ್ನೇ ಮಾಡುತ್ತದೆ. ನನಗೆ ಕೆಲಸಕ್ಕೆ ಬಂದ ದಾರಿ ಒಂದೇ: ಆ ಚಟಕ್ಕೆ ಬೇಕಾದ ಸಲಕರಣೆಯನ್ನೇ ಸ್ವಲ್ಪ ದಿನ ಕಿತ್ತಿಟ್ಟುಬಿಡುವುದು. ಝೂಮ್ ಚಟ ಇದ್ದರೆ ಝೂಮ್ ಬಂದ್. ಏರ್‌ಬ್ರಷ್ (ಅಂಚು ಮಸುಕಾದ ಮೃದು ಬ್ರಷ್) ಚಟ ಇದ್ದರೆ ಏರ್‌ಬ್ರಷ್ ಬಂದ್. ಅದೂ ಒಂದು ಸಲಕ್ಕೆ ಒಂದೇ. ಎಲ್ಲ ಒಟ್ಟಿಗೆ ಬಿಡಲು ಹೋದವರು ಮೂರನೇ ದಿನಕ್ಕೆ ಟ್ಯಾಬ್ಲೆಟ್ಟನ್ನೇ ಬಿಟ್ಟಿದ್ದನ್ನು ನೋಡಿದ್ದೇನೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಣ್ಣ ಐದನೇ ಹಂತದಲ್ಲಿದೆ. ಎಲ್ಲರೂ ಮೊದಲು ಅಲ್ಲಿಗೇ ಹಾರುತ್ತಾರೆ, ಅಲ್ಲೇ ಬೀಳುತ್ತಾರೆ.

ಬೇಕಾದ ಸಾಮಾನು

ಪೆನ್ನಿನ ಒತ್ತಡ ಗುರುತಿಸುವ ಯಾವ ಟ್ಯಾಬ್ಲೆಟ್ ಆದರೂ ಸಾಕು. ವ್ಯಾಕಮ್, ಹ್ಯೂಯಾನ್, ಐಪ್ಯಾಡ್, ಯಾವುದಾದರೂ ಸರಿ. ಸಾಫ್ಟ್‌ವೇರ್‌ಗೆ ದುಡ್ಡು ಹಾಕಲು ಇಷ್ಟವಿಲ್ಲದಿದ್ದರೆ ಕ್ರಿತಾ ಉಚಿತ, ಭಾವಚಿತ್ರಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ. ಇವುಗಳ ಜೊತೆ ಒಂದು ಪೆನ್ಸಿಲ್, ಒಂದು ಅಗ್ಗದ ನೋಟ್‌ಬುಕ್, ಒಂದು ಪುಟ್ಟ ಕನ್ನಡಿ.

ಶುರು ಮಾಡುವ ಮೊದಲು ಮೂರು ಪರೀಕ್ಷೆ ಮಾಡಿ.

ಪರದೆಯಿಲ್ಲದ ಟ್ಯಾಬ್ಲೆಟ್ ಆಗಿದ್ದರೆ ಅದರ ಮೇಲೆ ಒಂದು ಬಳೆ ಇಟ್ಟು, ಒಳಸುತ್ತಿನಲ್ಲಿ ಪೆನ್ ಓಡಿಸಿ. ಕಂಪ್ಯೂಟರ್‌ನಲ್ಲಿ ದುಂಡಗೆ ಬಂತಾ? ಮೊಟ್ಟೆಯ ಹಾಗೆ ಬಂದರೆ ಟ್ಯಾಬ್ಲೆಟ್ಟಿನ ಅಳತೆಗೂ ಪರದೆಯ ಅಳತೆಗೂ ಹೊಂದಾಣಿಕೆ ಇಲ್ಲ ಅಂತ ಅರ್ಥ. ಡ್ರೈವರ್ ಸೆಟ್ಟಿಂಗ್‌ನಲ್ಲಿ ಅನುಪಾತ ಸರಿಪಡಿಸಿ. "ನಾನು ಬಿಡಿಸಿದ ಮುಖವೆಲ್ಲ ಅಗಲ ಆಗುತ್ತೆ" ಅಂತ ವರ್ಷಗಟ್ಟಲೆ ಕೊರಗಿದ ಒಬ್ಬರ ತೊಂದರೆ ಇಷ್ಟೇ ಆಗಿತ್ತು.

ಎರಡನೆಯದು ಪರದೆ. ರಾತ್ರಿ ಹೊತ್ತು ತಾನಾಗೇ ಹಳದಿಯಾಗುವ ಸೆಟ್ಟಿಂಗ್ ಇದ್ದರೆ ತೆಗೆಯಿರಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು ನೋಡಿ. ಪರದೆಯ ಬಿಳಿ ಟಾರ್ಚ್ ಹಾಗೆ ಕಣ್ಣಿಗೆ ಹೊಡೆಯದೆ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ.

ಮೂರನೆಯದು ಪೆನ್. ಒತ್ತಿದರೆ ಗೆರೆ ದಪ್ಪವಾಗಲಿ, ಅಷ್ಟೇ. ಒತ್ತಡಕ್ಕೆ ತಕ್ಕಂತೆ ಬಣ್ಣ ತೆಳುವಾಗುವ ಸೆಟ್ಟಿಂಗ್ ಸದ್ಯಕ್ಕೆ ಆಫ್ ಮಾಡಿ. ಬಣ್ಣ ಕಲಸಿ ಕೆಸರಿನ ಹಾಗಾಗಲು ಅರ್ಧ ಕಾರಣ ಇದೇ.

ಹಂತ 1: ಚಟವನ್ನು ಕೈಯಾರೆ ಹಿಡಿಯಿರಿ

ಎಂದಿನಂತೆ ಒಂದು ಮುಖ ಬಿಡಿಸಿ, ಆದರೆ ಸ್ಕ್ರೀನ್ ರೆಕಾರ್ಡ್ ಹಾಕಿಕೊಂಡು. ಒಂದು ಗಂಟೆ ಸಾಕು. ಅವತ್ತೇ ನೋಡಬೇಡಿ. ಮಾರನೆಯ ದಿನ ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ: ಎಷ್ಟನೇ ನಿಮಿಷಕ್ಕೆ ಮೊದಲ ಸಲ ಝೂಮ್ ಮಾಡಿದಿರಿ? ಮುಖದ ಯಾವ ಭಾಗ ಮೊದಲು ಪೂರ್ತಿಯಾಯಿತು? ಐದು ನಿಮಿಷದಲ್ಲಿ ಎಷ್ಟು ಸಲ ಅನ್‌ಡು (ಹಾಕಿದ ಗೆರೆ ರದ್ದು ಮಾಡುವುದು) ಒತ್ತಿದಿರಿ? ಕೊನೆಗೆ ಎಷ್ಟು ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಇದ್ದವು?

ನನ್ನದನ್ನು ನೋಡಿದಾಗ ನನಗೇ ನಾಚಿಕೆಯಾಯಿತು. ಮೊದಲ 40 ನಿಮಿಷ ಬರೀ ಎಡಗಣ್ಣು. ರೆಪ್ಪೆಗೂದಲು ಒಂದೊಂದಾಗಿ ಹಚ್ಚಿದ್ದೇನೆ. ತಲೆಯ ಆಕಾರವೇ ಇನ್ನೂ ಬಂದಿಲ್ಲ! ಆಮೇಲೆ ಆ ಚೆಂದದ ಕಣ್ಣನ್ನು ಅಳಿಸಲು ಮನಸ್ಸು ಬಾರದೆ, ಉಳಿದ ಮುಖವನ್ನೆಲ್ಲ ಅದಕ್ಕೆ ಹೊಂದಿಸಲು ಹೋಗಿ ಸೊಟ್ಟ ಮಾಡಿದ್ದೆ.

ಈ ವಿಡಿಯೋ ಅಳಿಸಬೇಡಿ. ಮುಂದೆ ಬೇಕಾಗುತ್ತದೆ.

ಹಂತ 2: ಫೋಟೋ ಸರಿ ಮಾಡಿಕೊಳ್ಳಿ

ಸೆಲ್ಫಿ ನೋಡಿಕೊಂಡು ಬಿಡಿಸಬೇಡಿ. ತೋಳಳತೆಯಲ್ಲಿ ತೆಗೆದ ಫೋಟೋದಲ್ಲಿ ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ನೀವು ಎಷ್ಟೇ ನಿಯತ್ತಾಗಿ ನಕಲು ಮಾಡಿದರೂ ಮನೆಯವರು "ಏನೋ ಸರಿಯಿಲ್ಲ" ಅನ್ನುತ್ತಾರೆ. ಐದಾರು ಅಡಿ ದೂರ ನಿಂತು ಎರಡು ಪಟ್ಟು ಝೂಮ್ ಹಾಕಿ ತೆಗೆಯಿರಿ. ಫ್ಲ್ಯಾಶ್ ಬೇಡ, ಅದು ಮುಖದ ನೆರಳನ್ನೆಲ್ಲ ತಿಂದುಹಾಕುತ್ತದೆ. ಫೋನಿನ ಬ್ಯೂಟಿ ಮೋಡ್ ಆಫ್ ಆಗಿದೆಯಾ ಅಂತ ಎರಡು ಸಲ ನೋಡಿ.

ಬೆಳಕು ಒಂದೇ ಕಡೆಯಿಂದ ಬರಬೇಕು. ಹಳೇ ಮೈಸೂರು ಮನೆಯ ಜಗಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬೆಳಗ್ಗೆ ಎಂಟರ ಹೊತ್ತಿಗೆ ಅಜ್ಜನನ್ನೋ ಅಮ್ಮನನ್ನೋ ಅಲ್ಲಿ ಕೂರಿಸಿ, ಒಳಗಿನ ಟ್ಯೂಬ್‌ಲೈಟ್ ಆರಿಸಿ. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು. ನೆಲ ಕೆಂಪು ರೆಡ್ ಆಕ್ಸೈಡ್‌ನದಾಗಿದ್ದರೆ ದವಡೆಯ ಕೆಳಗೆ ನೋಡಿ, ನೆಲದ ಕೆಂಪು ಅಲ್ಲಿಗೆ ಹೊಮ್ಮಿರುತ್ತದೆ. ಐದನೇ ಹಂತದಲ್ಲಿ ಇದು ಕೆಲಸಕ್ಕೆ ಬರುತ್ತದೆ.

ಹಂತ 3: ಹತ್ತು ದಿನ ಝೂಮ್ ಬಂದ್

ಕ್ಯಾನ್ವಾಸ್ ಪೂರ್ತಿ ಪರದೆಯಲ್ಲಿ ಕಾಣುವಂತೆ ಇಡಿ. ಅದರೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಮುಖ ಮಾತ್ರ ಬಿಡಿಸಿ. ದಿನಕ್ಕೆ ಆರು. ಒಂದಕ್ಕೆ ಹತ್ತು ನಿಮಿಷ, ಮೊಬೈಲ್ ಟೈಮರ್ ಇಟ್ಟು. ಹತ್ತು ನಿಮಿಷ ಮುಗಿಯಿತಾ, ಅರ್ಧವಾಗಿದ್ದರೂ ಬಿಟ್ಟು ಮುಂದಿನದಕ್ಕೆ ಹೋಗಿ.

ಇಷ್ಟು ಚಿಕ್ಕ ಮುಖದಲ್ಲಿ ರೆಪ್ಪೆಗೂದಲಿಗೆ ಜಾಗವೇ ಇರುವುದಿಲ್ಲ. ಆಗ ಕೈ ವಿಧಿಯಿಲ್ಲದೆ ದೊಡ್ಡ ಸಂಗತಿಗಳ ಕಡೆ ತಿರುಗುತ್ತದೆ. ತಲೆ ಯಾವ ಕಡೆ ವಾಲಿದೆ? ಕತ್ತು ಎಲ್ಲಿಂದ ಹೊರಡುತ್ತದೆ? ನೆರಳಿನ ಒಟ್ಟು ಆಕಾರ ಏನು?

ಅಳತೆಗೆ ಮೂರು ಗುರುತು ನೆನಪಿಡಿ. ನೇರ ನೋಡುವ ದೊಡ್ಡವರ ಮುಖದಲ್ಲಿ ಕಣ್ಣು ತಲೆಯ ಎತ್ತರದ ಸರಿಸುಮಾರು ನಡುವೆ ಇರುತ್ತದೆ. ಬಹಳ ಜನ ಹಣೆಗೆ ಹತ್ತಿರ ಇಡುತ್ತಾರೆ, ನೆತ್ತಿ ಕತ್ತರಿಸಿದ ಹಾಗಾಗುತ್ತದೆ. ಎರಡು ಕಣ್ಣಿನ ನಡುವೆ ಸುಮಾರು ಒಂದು ಕಣ್ಣಿನಷ್ಟು ಜಾಗ. ಕೂದಲಿನ ಬುಡದಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಕೆಳಬುಡ, ಅಲ್ಲಿಂದ ಗದ್ದ, ಈ ಮೂರೂ ಹೆಚ್ಚುಕಮ್ಮಿ ಸಮ. ಇದು ಬರೀ ಅಂದಾಜು. ಎದುರಿಗಿರುವ ಮುಖ ಇದರಿಂದ ಎಲ್ಲಿ ಎಷ್ಟು ಸರಿದಿದೆಯೋ ಅಲ್ಲೇ ಆ ಮನುಷ್ಯನ ಗುರುತು ಇರುತ್ತದೆ. ಬೊಕ್ಕ ತಲೆಯವರಿಗೆ ಕೂದಲಿನ ಬುಡ ಎಲ್ಲಿ ಅಂತ ಕೇಳಬೇಡಿ, ಹಣೆ ಹಿಂದಕ್ಕೆ ತಿರುಗುವ ಜಾಗ ಹಿಡಿಯಿರಿ.

ಪ್ರತಿ ಐದು ನಿಮಿಷಕ್ಕೆ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ. ಕ್ರಿತಾದಲ್ಲಿ ಎಂ ಕೀ ಒತ್ತಿದರೆ ಸಾಕು. ತಿರುಗಿಸಿದ ತಕ್ಷಣ ಮುಖ ಒಂದು ಕಡೆಗೆ ಜಾರಿದಂತೆ ಕಂಡರೆ ಆಗಲೇ ಸರಿ ಮಾಡಿ. ಐಪ್ಯಾಡ್‌ನಲ್ಲಿ ಕೆಲಸದ ನಡುವೆ ತಿರುಗಿಸಲು ಬೇಜಾರಾದರೆ, ಕನ್ನಡಿಯನ್ನು ಪಕ್ಕಕ್ಕೆ ಹಿಡಿದು ನೋಡಿ. ಅದಕ್ಕೇ ಅದನ್ನು ತರಲು ಹೇಳಿದ್ದು.

ಎಚ್ಚರಿಕೆಯ ಲಕ್ಷಣ: ಮೂರನೇ ದಿನಕ್ಕೆ ಮೂಗು ಪರದೆಗೆ ಅಂಟಿದೆಯಾ? ಅದೂ ಝೂಮ್ ಮಾಡಿದ ಹಾಗೇ. ಹಿಂದೆ ಸರಿದು ಕೂರಿ.

ಹಂತ 4: ಮೂರು ಟೋನ್, ಒಂದು ಗಟ್ಟಿ ಬ್ರಷ್

ಟೋನ್ ಅಂದರೆ ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು. ಈ ಹಂತದಲ್ಲಿ ಬಣ್ಣವೇ ಇಲ್ಲ. ಬೆಳಕಿಗೊಂದು ಬೂದು, ನೆರಳಿಗೊಂದು ಬೂದು, ಕೂದಲು ಮತ್ತು ತೀರಾ ಕತ್ತಲೆಯ ಜಾಗಕ್ಕೊಂದು ಬೂದು. ಮುಗಿಯಿತು.

ಅಂಚು ಗಟ್ಟಿಯಾಗಿರುವ ಒಂದೇ ಬ್ರಷ್ ಇಟ್ಟುಕೊಳ್ಳಿ. ಏರ್‌ಬ್ರಷ್, ಬಣ್ಣ ಸವರುವ ಸ್ಮಡ್ಜ್, ಮಸುಕು ಮಾಡುವ ಬ್ಲರ್ ಮೂರನ್ನೂ ಟೂಲ್‌ಬಾರ್‌ನಿಂದಲೇ ತೆಗೆದುಬಿಡಿ. ಕಣ್ಣೆದುರು ಇದ್ದರೆ ಕೈ ಹೋಗೇ ಹೋಗುತ್ತದೆ. ಪ್ಲಾಸ್ಟಿಕ್ ಮುಖದ ಮೂಲ ಈ ಮೃದು ಬ್ರಷ್ಷು. ಅದು ಎಲ್ಲವನ್ನೂ ಸವರಿ ಹದ ಮಾಡುತ್ತದೆ, ಆದರೆ ಕೆನ್ನೆ ಎಲ್ಲಿ ಮುಗಿಯಿತು, ದವಡೆ ಎಲ್ಲಿ ತಿರುಗಿತು ಅನ್ನುವ ತೀರ್ಮಾನವನ್ನು ನಿಮ್ಮಿಂದ ಕಿತ್ತುಕೊಳ್ಳುತ್ತದೆ.

ಕಣ್ಣನ್ನು ಅರೆಮುಚ್ಚಿ ಫೋಟೋ ನೋಡಿ. ಕಣ್ಣಿನ ಗುಳಿ, ಮೂಗಿನ ಕೆಳಗು, ಕೆಳತುಟಿಯ ಕೆಳಗು, ಕತ್ತು, ಇವೆಲ್ಲ ಸೇರಿ ಒಂದೇ ನೆರಳಾಗಿ ಕಾಣುತ್ತವೆ. ಆ ಒಂದು ಆಕಾರವನ್ನು ಒಂದೇ ಬೂದು ಬಣ್ಣದಲ್ಲಿ ತುಂಬಿ. ನೆರಳೊಳಗೆ ಏನೇನೋ ಕಾಣುತ್ತಿದೆ ಅಂತ ಆಸೆಯಾಗುತ್ತದೆ. ತಡೆದುಕೊಳ್ಳಿ. ಮೂರೇ ಟೋನ್‌ನಲ್ಲಿ ಇದು ನಿಮ್ಮ ತಂದೆ ಅಂತ ಗುರುತು ಸಿಗದಿದ್ದರೆ ಮೂವತ್ತು ಟೋನ್ ಹಾಕಿದರೂ ಸಿಗುವುದಿಲ್ಲ.

ಏರ್‌ಬ್ರಷ್ ಇಲ್ಲದೆ ಕೈ ಒಗ್ಗಿದ ಮೇಲೆ ಇದೇ ಹಂತದಲ್ಲಿ ಅನ್‌ಡು ಚಟವನ್ನೂ ನೋಡಿಕೊಳ್ಳಿ. ಪೆನ್ನಿನ ಗುಂಡಿಗೆ ಅನ್‌ಡು ಇಟ್ಟಿದ್ದರೆ ತೆಗೆಯಿರಿ. ತಪ್ಪು ಗೆರೆಯ ಮೇಲೆಯೇ ಸರಿ ಗೆರೆ ಹಾಕಿ. ಅನ್‌ಡು ಒತ್ತಿ ಮತ್ತೆ ಹಾಕಿದಾಗ ಹೆಚ್ಚಾಗಿ ಅದೇ ತಪ್ಪೇ ಮತ್ತೆ ಬೀಳುತ್ತದೆ. ಕೆಳಗಿನ ತಪ್ಪು ಕಾಣುತ್ತಿದ್ದರೆ ಎಷ್ಟು ಸರಿಸಬೇಕು ಅಂತ ತಿಳಿಯುತ್ತದೆ. ಲೇಯರ್ ಎರಡೇ: ಒಂದು ಹಿನ್ನೆಲೆಗೆ, ಒಂದು ತಲೆಗೆ. ಕಣ್ಣಿಗೊಂದು, ಮೂಗಿಗೊಂದು ಲೇಯರ್ ಮಾಡಿದರೆ ಕೊನೆಗೆ ಅವು ಸ್ಟಿಕ್ಕರ್ ಅಂಟಿಸಿದ ಹಾಗೇ ಕಾಣುತ್ತವೆ.

ಹಂತ 5: ಬಣ್ಣ, ಅಂದರೆ ನಮ್ಮ ಮೈಬಣ್ಣ

ಮದ್ದೂರಿನ ಹತ್ತಿರದ ನಮ್ಮೂರಿನ ಮನೆಗೆ ಅಂತ ಅಜ್ಜಿಯ ಚಿತ್ರ ಮಾಡಿ ಕೊಟ್ಟಿದ್ದೆ. ದೊಡ್ಡಪ್ಪ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. "ಇದ್ಯಾರ್ಲಾ ಮಗ? ನಮ್ಮವ್ವನ್ನ ಬರಿ ಅಂದ್ರೆ ಸೀರಿಯಲ್ ಹೆಂಗಸ್ನ ಬರ್ದಿದ್ದೀಯಲ್ಲ!" ಅಂದರು. ಅಜ್ಜಿ ಬಿಸಿಲಲ್ಲಿ ಗದ್ದೆ ಕೆಲಸ ಮಾಡಿದ ಕಪ್ಪು ಹೆಂಗಸು. ನಾನು ವಿಡಿಯೋ ನೋಡಿ ಕಲಿತ ತಿಳಿ ಗುಲಾಬಿ ಬಣ್ಣ ಬಳಿದಿದ್ದೆ. ಇದು ನನ್ನೊಬ್ಬನ ಚಟವಲ್ಲ. ಜಾಲದಲ್ಲಿ ಸಿಗುವ ಮೈಬಣ್ಣದ ಪ್ಯಾಲೆಟ್‌ಗಳಲ್ಲಿ ಹೆಚ್ಚಿನವು ಬಿಳಿ ಮೈಯವರಿಗೆ ಮಾಡಿದವು. ಅವುಗಳನ್ನು ಇವತ್ತೇ ಅಳಿಸಿ.

ಕಂದು ಮೈಯನ್ನು ಹೀಗೆ ಕಟ್ಟಿ. ಬಣ್ಣದ ಚಕ್ರದಲ್ಲಿ 15ರಿಂದ 30 ಡಿಗ್ರಿ ಒಳಗೆ, ಅಂದರೆ ಕೆಂಪು ಮತ್ತು ಹಳದಿಯ ನಡುವೆ ಇರಿ. ಸ್ಯಾಚುರೇಶನ್ (ಬಣ್ಣ ಎಷ್ಟು ಗಟ್ಟಿ ಅನ್ನುವುದು) 40ರಿಂದ 65, ಹೊಳಪು (ಬ್ರೈಟ್‌ನೆಸ್) 35ರಿಂದ 70. ಇದು ಹೊರಡುವ ಜಾಗ ಮಾತ್ರ. ಅಲ್ಲಿಂದ ಕಣ್ಣು ಹೇಳಿದಂತೆ ಸರಿಸಿ.

ಈಗ ದೊಡ್ಡ ತಪ್ಪು: ನೆರಳಿಗೆ ಕಪ್ಪು, ಬೆಳಕಿಗೆ ಬಿಳಿ ಬೆರೆಸುವುದು. ಕಪ್ಪು ಬೆರೆತರೆ ಮುಖ ಮಸಿ ಹಿಡಿದ ಪಾತ್ರೆಯಾಗುತ್ತದೆ. ಬಿಳಿ ಬೆರೆತರೆ ಪೌಡರ್ ಹಚ್ಚಿದ ಹಾಗೆ. ನೆರಳಿಗೆ ಹೋಗುವಾಗ ಹೊಳಪು ಇಳಿಸುವ ಜೊತೆಗೆ ಬಣ್ಣವನ್ನು ಕೆಂಪಿನ ಕಡೆ ಸ್ವಲ್ಪ ಸರಿಸಿ, ಸ್ಯಾಚುರೇಶನ್ ತುಸು ಏರಿಸಿ. ಬೆಳಕು ಮತ್ತು ನೆರಳು ಸೇರುವ ಗಡಿಯಲ್ಲಿ ಈ ಕೆಂಪು ಎಲ್ಲಕ್ಕಿಂತ ಜಾಸ್ತಿ. ಚರ್ಮದ ಒಳಹೊಕ್ಕ ಬೆಳಕು ರಕ್ತದ ಬಣ್ಣ ಹೊತ್ತು ಹೊರಬರುವುದೇ ಕಾರಣ. ಬಿಸಿಲಿಗೆ ಬೆನ್ನು ಹಾಕಿ ನಿಂತವರ ಕಿವಿ ನೋಡಿ, ಗೊತ್ತಾಗುತ್ತದೆ.

ಹೊಳಪಿನ ಜಾಗ ಬೇರೆ ಲೆಕ್ಕ. ಕಪ್ಪು ಮೈಯಲ್ಲಿ ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆಯ ಹೊಳಪು ಬಿಳಿ ಮೈಗಿಂತ ಎದ್ದು ಕಾಣುತ್ತದೆ, ಯಾಕೆಂದರೆ ಸುತ್ತಲಿನ ಟೋನ್ ಗಾಢವಾಗಿದೆ. ಆ ಹೊಳಪಿಗೆ ಮೈಬಣ್ಣ ಇರುವುದಿಲ್ಲ, ಬೆಳಕಿನ ಬಣ್ಣ ಇರುತ್ತದೆ. ಜಗಲಿಯಲ್ಲಿ ಆಕಾಶದ ಬೆಳಕು ಬಿದ್ದರೆ ಹೊಳಪು ತುಸು ನೀಲಿ. ಎಣ್ಣೆ ದೀಪದ ಮುಂದೆ ಹಳದಿ. ಇದನ್ನು ಸರಿಯಾಗಿ ಇಟ್ಟರೆ ಕಪ್ಪು ಮೈ ಜೀವಂತವಾಗುತ್ತದೆ. ತಪ್ಪಿಸಿದರೆ ಮಣ್ಣಿನ ಬೊಂಬೆ.

ಐಡ್ರಾಪರ್ ಚಟ ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ಫೋಟೋದಿಂದ ಬಣ್ಣ ಹೀರಿಕೊಂಡರೆ ಕಣ್ಣು ಕಲಿಯುವುದೇ ಇಲ್ಲ. ನಿಷೇಧ ಮಾಡುವ ಬದಲು ಹೀಗೆ ಮಾಡಿ: ಮೊದಲು ಕಣ್ಣಂದಾಜಿನಲ್ಲಿ ಬಣ್ಣ ಆರಿಸಿ ಹಚ್ಚಿ. ಆಮೇಲೆ ಅದರ ಪಕ್ಕದಲ್ಲೇ ಐಡ್ರಾಪರ್‌ನಿಂದ ತೆಗೆದ ಬಣ್ಣದ ಚುಕ್ಕಿ ಇಟ್ಟು ಹೋಲಿಸಿ. ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಅಂತ ಬರೆದಿಡಿ. ನಮ್ಮ ಗುಂಪಿನಲ್ಲಿ ಬಹುತೇಕರ ತಪ್ಪು ಒಂದೇ ದಿಕ್ಕಿಗೆ: ನೆರಳನ್ನು ಇರುವುದಕ್ಕಿಂತ ತಿಳಿಯಾಗಿ ಊಹಿಸುತ್ತಾರೆ.

ಹದಿನೈದು ದಿನದ ಮೇಲೆ ಹೊರಗೆ ಹೋಗಿ. ದೇವರಾಜ ಮಾರ್ಕೆಟ್‌ನಲ್ಲಿ ನೀಲಿ ಟಾರ್ಪಾಲ್ ಕಟ್ಟಿದ ಕೆಳಗೆ ಕೂತವರ ಮುಖ ನೋಡಿ. ಮೇಲಿನಿಂದ ನೀಲಿ ಬಿದ್ದಿರುತ್ತದೆ, ಎದುರಿನ ಕುಂಕುಮದ ರಾಶಿಗೆ ಬಿಸಿಲು ತಾಗಿದ್ದರೆ ಗದ್ದದ ಕೆಳಗೆ ಅದರ ಕೆಂಪು. ಮಂಡ್ಯ ಕಡೆಯವರಾದರೆ ಸಂಜೆ ಹೊತ್ತು ಆಲೆಮನೆಗೆ ಹೋಗಿ. ಒಲೆಗೆ ರಚ್ಚು (ಒಣಗಿದ ಕಬ್ಬಿನ ಸಿಪ್ಪೆ) ಹಾಕುವವರ ಮುಖಕ್ಕೆ ಬೆಳಕು ಕೆಳಗಿನಿಂದ ಬರುತ್ತದೆ. ಮೇಲಿನ ಬೆಳಕಿಗೇ ಒಗ್ಗಿದ ಕೈಗೆ ಅಲ್ಲಿ ಎಲ್ಲ ತಲೆಕೆಳಗು. ಫೋಟೋ ತೆಗೆಯುವ ಮೊದಲು ಕೇಳಿ. ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ಒಂದು ಲೋಟ ಕಬ್ಬಿನ ಹಾಲೂ ಕೊಡುತ್ತಾರೆ.

ಟೋನ್ ತಪ್ಪಿತಾ ಅಂತ ನೋಡಲು: ಎಲ್ಲಕ್ಕಿಂತ ಮೇಲೆ ಒಂದು ಲೇಯರ್ ಮಾಡಿ ಕಪ್ಪು ತುಂಬಿ, ಅದರ ಬ್ಲೆಂಡ್ ಮೋಡ್ (ಕೆಳಗಿನ ಲೇಯರ್ ಜೊತೆ ಬೆರೆಯುವ ರೀತಿ) ಅನ್ನು 'ಕಲರ್'ಗೆ ಬದಲಿಸಿ. ಚಿತ್ರ ಕಪ್ಪು-ಬಿಳುಪಾಗಿ ಕಾಣುತ್ತದೆ. ನಾಲ್ಕನೇ ಹಂತದ ಮೂರು ಟೋನ್ ಇನ್ನೂ ಅಲ್ಲೇ ಇವೆಯಾ?

ಹಂತ 6: ಅಂಚುಗಳು

ಮುಖದ ಸುತ್ತ ಒಂದೇ ಸಮನೆ ಚೂಪು ಅಂಚು ಇದ್ದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಮೂಳೆ ಹತ್ತಿರವಿರುವ ಕಡೆ, ನೆರಳು ಬೀಳುವ ಕಡೆ ಅಂಚು ಚೂಪು. ಕೆನ್ನೆಯಂಥ ದುಂಡಗಿನ ಕಡೆ ಮೃದು. ಕಪ್ಪು ಕೂದಲು ಕತ್ತಲ ಹಿನ್ನೆಲೆಗೆ ಸೇರುವ ಕಡೆ ಅಂಚೇ ಇಲ್ಲ. ಅಲ್ಲಿ ಧೈರ್ಯವಾಗಿ ಕಳೆದುಬಿಡಿ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಜಗನ್ಮೋಹನ ಅರಮನೆಯ ಗ್ಯಾಲರಿಗೆ ಹೋಗಿ ನೋಡುವುದು ಮೇಲು. ಅಲ್ಲಿ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರ ಇದೆ. (ರವಿವರ್ಮನದು ಅಂತ ಹೇಳುವವರು ಪಕ್ಕದಲ್ಲೇ ಸಿಗುತ್ತಾರೆ, ವಾದ ಬೇಡ.) ನೋಟ್‌ಬುಕ್ ತೆಗೆದುಕೊಂಡು ಹೋಗಿ ಹತ್ತು ನಿಮಿಷ ನಿಲ್ಲಿ. ಚೂಪಾದ ಅಂಚು ಎಷ್ಟಿವೆ ಎಣಿಸಿ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ನಡುವಿನ ಕೆಂಪನ್ನು ನೋಡಿ, ಐದನೇ ಹಂತದ ಕಿವಿಯ ಮಾತು ಅದೇ.

ಏರ್‌ಬ್ರಷ್ ಈಗ ವಾಪಸ್ ತರಬಹುದು. ಆದರೆ ಮುಖದಲ್ಲಿ ನಾಲ್ಕು ಜಾಗಕ್ಕಿಂತ ಹೆಚ್ಚು ಕಡೆ ಮುಟ್ಟಿಸಬೇಡಿ.

ಹಂತ 7: ಕಣ್ಣು, ತುಟಿ, ಹಲ್ಲು, ಹೂವು

ಮಗುವಾಗಿದ್ದಾಗ ಕಲಿತ ಮೀನಿನಾಕಾರದ ಕಣ್ಣು ಇನ್ನೂ ಕೈಯಲ್ಲಿ ಕೂತಿರುತ್ತದೆ. ಅದನ್ನು ಓಡಿಸಲು ಫೋಟೋವನ್ನು ತಲೆಕೆಳಗು ಮಾಡಿ ಕಣ್ಣಿನ ಭಾಗ ಬಿಡಿಸಿ. ಆಗ ಅದು ಕಣ್ಣು ಅನ್ನುವುದು ಮರೆತು ಬರೀ ಆಕಾರ ಕಾಣುತ್ತದೆ.

ಕಣ್ಣಿನ ಬಿಳಿ ಬಿಳಿಯಲ್ಲ. ಅದು ಗುಂಡು, ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ. ಬೂದು ಬೆರೆತ ಮಂಕು ಬಣ್ಣ ಹಾಕಿ, ಹೊಳೆಯುವ ಒಂದು ಚುಕ್ಕಿಗೆ ಮಾತ್ರ ತಿಳಿ ಬಣ್ಣ ಉಳಿಸಿ. ಬೆಳಕು ಮೇಲಿನಿಂದ ಬಂದರೆ ಮೇಲ್ದುಟಿ ಕೆಳದುಟಿಗಿಂತ ಗಾಢ. ಹಲ್ಲಿನ ನಡುವೆ ಗೆರೆ ಎಳೆಯಬೇಡಿ, ಒಸಡಿನ ಕಡೆಯ ಆಕಾರ ಸರಿಯಿದ್ದರೆ ಹಲ್ಲು ತಾನಾಗೇ ಬರುತ್ತದೆ. ಕೂದಲು ಎಳೆ ಎಳೆಯಾಗಿ ಬೇಡ. ರಾಶಿಯಾಗಿ ಹಾಕಿ, ಕೊನೆಗೆ ಹಣೆಯ ಬಳಿ ಹತ್ತು ಎಳೆ.

ಮಲ್ಲಿಗೆ ಮುಡಿದವರನ್ನು ಬಿಡಿಸುವಾಗ ಎಲ್ಲರೂ ಮಾಡುವ ತಪ್ಪು: ಹೂವು ಬೆಳ್ಳಗೆ ಅಂತ ಅಚ್ಚ ಬಿಳಿ ಹಾಕುವುದು. ನೆರಳಿನ ಕಡೆಯ ಮಲ್ಲಿಗೆ, ಬೆಳಕು ಬಿದ್ದ ಹಣೆಗಿಂತ ಗಾಢವಾಗಿರಬಹುದು! ಮೂಗುತಿಯದೂ ಅದೇ ಕಥೆ. ಒಂದು ಗಾಢ ಚುಕ್ಕಿ, ಅದರ ಪಕ್ಕ ಒಂದು ತಿಳಿ ಚುಕ್ಕಿ, ಸಾಕು.

ಹಂತ 8: ಚಟ ವಾಪಸ್ ಬರುವ ಹೊತ್ತು

ಸುಮಾರು ಆರು ವಾರ ಆಗಿರುತ್ತದೆ. ಅಷ್ಟರಲ್ಲಿ ಯಾರೋ "ನಮ್ಮ ಅಕ್ಕನ ಮದುವೆಗೆ ಒಂದು ಚಿತ್ರ ಮಾಡಿಕೊಡಿ, ನಾಡಿದ್ದು ಬೇಕು" ಅನ್ನುತ್ತಾರೆ. ಆಗ ನೋಡಿ ಹಳೇ ಚಟಗಳೆಲ್ಲ ಸಾಲಾಗಿ ಬಂದು ನಿಲ್ಲುವುದು. ಹತ್ತು ನಿಮಿಷದೊಳಗೆ ಝೂಮ್ ಆಗಿದ್ದರೆ, ಲೇಯರ್ ಹತ್ತು ದಾಟಿದ್ದರೆ, ಒಂದು ಕಣ್ಣು ಪೂರ್ತಿಯಾಗಿ ಇನ್ನೊಂದು ಶುರುವೇ ಆಗದಿದ್ದರೆ, ಬಿಡಿಸಿದ್ದನ್ನು ಹಿಗ್ಗಿಸಿ ಕುಗ್ಗಿಸುವ ಲಿಕ್ವಿಫೈ ಹಿಡಿದು ದವಡೆ ಎಳೆಯುತ್ತಿದ್ದರೆ ನಿಲ್ಲಿಸಿ. ಹೊಸ ಫೈಲ್ ತೆಗೆದು ಬೆಂಕಿಪೊಟ್ಟಣದ ಮುಖಕ್ಕೆ ವಾಪಸ್ ಹೋಗಿ. ಮೂರು ಮಾಡಿ, ಒಳ್ಳೆಯದನ್ನು ಆರಿಸಿ, ಅದನ್ನೇ ದೊಡ್ಡದು ಮಾಡಿ ಮುಂದುವರಿಸಿ.

ಬಿಡುವಾದಾಗ ಅದೇ ಮೊದಲ ಫೋಟೋ ಇಟ್ಟುಕೊಂಡು ಮತ್ತೆ ಒಂದು ಗಂಟೆ ರೆಕಾರ್ಡ್ ಮಾಡಿ, ಹಳೇ ವಿಡಿಯೋ ಪಕ್ಕದಲ್ಲಿಟ್ಟು ಓಡಿಸಿ. ಚಿತ್ರ ಎಷ್ಟು ಚೆಂದ ಅಂತ ನೋಡಬೇಡಿ. ಮೊದಲ ಇಪ್ಪತ್ತು ನಿಮಿಷದಲ್ಲಿ ಕೈ ಎಲ್ಲೆಲ್ಲಿ ಓಡಾಡಿದೆ ಅಂತ ನೋಡಿ. ಯಾವ ಚಟ ಇನ್ನೂ ಉಳಿದಿದೆಯೋ ಆ ಹಂತವನ್ನು ಮತ್ತೆ ಒಂದು ವಾರ ಮಾಡಿ.

ಹಂತ 9: ಪ್ರಿಂಟ್

ಎ4ಗೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) 2480×3508 ಪಿಕ್ಸೆಲ್ ಬೇಕು. 12×18 ಇಂಚಿಗೆ 3600×5400. ಶುರುವಿನಲ್ಲೇ ಈ ಅಳತೆ ಇಡಿ, ಕೊನೆಗೆ ಹಿಗ್ಗಿಸಿದರೆ ಮಸುಕಾಗುತ್ತದೆ.

ಅಜ್ಜಿಯ ಎರಡನೇ ಚಿತ್ರದ ಮೈಬಣ್ಣ ಸರಿ ಬಂದಿತ್ತು, ಆದರೆ ಪ್ರಿಂಟ್ ಕಡುಕಪ್ಪಾಗಿ ಬಂತು. ಅಂಗಡಿಯವರ ಮೇಲೆ ಕೂಗಾಡಿದೆ. ತಪ್ಪು ನನ್ನದೇ ಆಗಿತ್ತು: ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸಿ ಬಿಡಿಸಿದ್ದೆ, ಆ ಹೊಳಪು ಕಾಗದಕ್ಕೆ ಎಲ್ಲಿಂದ ಬರಬೇಕು? ಆಮೇಲೆ ಹೋಗಿ ಕ್ಷಮೆ ಕೇಳಿದೆ. ಈಗ ಮೊದಲು 4×6 ಅಳತೆಯ ಒಂದು ಪ್ರಿಂಟ್ ತೆಗೆಸುತ್ತೇನೆ. ಅದನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡದೆ, ಹೊರಗೆ ಬಂದು ನೆರಳಿನಲ್ಲಿ ನಿಂತು ನೋಡುತ್ತೇನೆ. ಕಪ್ಪಾಗಿದ್ದರೆ ಪ್ರಿಂಟ್‌ಗೆ ಅಂತಲೇ ಬೇರೆ ಪ್ರತಿ ಉಳಿಸಿ, ನಡುವಿನ ಟೋನ್‌ಗಳನ್ನು ಮಾತ್ರ ಸ್ವಲ್ಪ ಎತ್ತಿ. ಮೂಲ ಫೈಲ್ ಮುಟ್ಟಬೇಡಿ.